ಅಂಚೆಯಲ್ಲಿ ಬರುವ ಗುಲಾಬಿ: ಪೆಟ್ಟಿಗೆ ಆಮೇಲೆ, ಮೊದಲು ತಾಯಿಗಿಡ ಕೇಳಿ

ಈ ಸಲದ ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಈ ವರ್ಷ ಗುಲಾಬಿ ಹಾಕೋಣ ಅಂತ ಇರೋರು ನಮ್ಮ ಸುತ್ತಮುತ್ತಲೇ ನಾಲ್ಕೈದು ಜನ ಇದ್ದೀರಿ. ಹಿಂದೆಲ್ಲ ಟೆಂಪೋ ಮಾಡ್ಕೊಂಡು ನರ್ಸರಿಗೆ ಹೋಗಿ, ಗಿಡ ಕಣ್ಣಾರೆ ನೋಡಿ, ತುಂಬಿಸ್ಕೊಂಡು ಬರ್ತಿದ್ವಿ. ಈಗ ಫೋನಿನಲ್ಲಿ ಫೋಟೋ ನೋಡಿ ದುಡ್ಡು ಹಾಕಿದ್ರೆ ಪಾರ್ಸಲ್ ಮನೆಗೇ ಬರ್ತದೆ. ನಂಬಬಹುದಾ ಅಂತ ಕೇಳ್ತಿದ್ದೀರಿ. ಟೊಮೆಟೊ ನಾರು ಕೆಟ್ಟರೆ ಕಿತ್ತು ಬೇರೆ ಬೆಳೆ ಇಡಬಹುದು. ಗುಲಾಬಿ ಹಾಗಲ್ಲ, ಐದಾರು ವರ್ಷ ನಂಬಿ ಕೂರೋ ಗಿಡ. ಮೊದಲ ದಿನ ಬಂದ ರೋಗ ಕೊನೇ ದಿನದವರೆಗೂ ಜೊತೆಗಿರ್ತದೆ. ಅದಕ್ಕೇ ಈ ವ್ಯಾಪಾರ ಹೇಗೆ ಹುಟ್ಟಿತು, ಎಲ್ಲೆಲ್ಲಿ ಪೆಟ್ಟು ತಿಂತು, ಏನು ಕಲಿತು ಅಂತ ಓದಿಕೊಂಡದ್ದನ್ನು ಬರೀತಿದ್ದೀನಿ.

ಅಂಚೆ ಗುಲಾಬಿ ದೊಡ್ಡ ವ್ಯಾಪಾರವಾಗಿ ಬೆಳೆದ ಜಾಗಗಳಲ್ಲಿ ಮುಖ್ಯವಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದ ವೆಸ್ಟ್ ಗ್ರೋವ್ ಅನ್ನೋ ಸಣ್ಣ ಊರು. ಡಿಂಗಿ ಅಂಡ್ ಕೊನಾರ್ಡ್ ಅನ್ನೋ ನರ್ಸರಿಯವರು 1870ರ ದಶಕದಲ್ಲೇ ಗುಲಾಬಿಯನ್ನು ಟಪಾಲಿನಲ್ಲಿ ಕಳಿಸ್ತಿದ್ದರು. ಅವರ ಜಾಹೀರಾತು ಆ ಕಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರ್ತಿತ್ತು: ಐದು ಗಿಡಕ್ಕೆ 1 ಡಾಲರ್, ಹನ್ನೆರಡಕ್ಕೆ 2 ಡಾಲರ್, ಅಂಚೆ ಖರ್ಚು ಅವರದ್ದೇ. ತಳಿ ನೀವೇ ಆರಿಸಬಹುದು, ಪ್ರತಿ ಗಿಡಕ್ಕೂ ಹೆಸರಿನ ಚೀಟಿ ಕಟ್ಟಿರ್ತದೆ.

ಅವರು ಕಳಿಸ್ತಿದ್ದದ್ದು ಕಸಿ ಗಿಡ ಅಲ್ಲ. ಕಡ್ಡಿ ಊರಿ ಬೇರು ಬರಿಸಿ, ಸಣ್ಣ ಕುಂಡದಲ್ಲಿ ಬೆಳೆಸಿದ ಸ್ವಂತ ಬೇರಿನ ಗಿಡ. ಇದರ ಹಿಂದೆ ಅಂಚೆ ಇಲಾಖೆಯ ನಿಯಮವೂ ಇತ್ತು. ಆಗ ಅಮೆರಿಕದ ಅಂಚೆಯಲ್ಲಿ ಒಂದು ಕಟ್ಟು 4 ಪೌಂಡ್ ದಾಟುವ ಹಾಗಿರಲಿಲ್ಲ, ಅಂದ್ರೆ ಎರಡು ಕೆಜಿಗೂ ಕಮ್ಮಿ. ದಪ್ಪ ಕಾಂಡದ ಕಸಿ ಗಿಡ ಅಷ್ಟು ತೂಕದೊಳಗೆ ಎಷ್ಟು ತಾನೇ ಹಿಡಿಸ್ತದೆ? ಸಣ್ಣ ಗಿಡ ಆದರೆ ಬೇರಿಗೆ ಒದ್ದೆ ಪಾಚಿ ಸುತ್ತಿ, ಎಣ್ಣೆ ಕಾಗದದಲ್ಲಿ ಮಡಚಿ, ಹತ್ತಾರು ಕಳಿಸಬಹುದು. ಒಹಾಯೊದ ಸ್ಪ್ರಿಂಗ್‌ಫೀಲ್ಡ್ ಊರೂ ಇಂಥದ್ದೇ ಗಿಡ ಮಾಡಿ ಗುಲಾಬಿ ನಗರ ಅಂತ ಹೆಸರು ಪಡೀತು. 1913ರ ಜನವರಿ 1ರಂದು ಪಾರ್ಸಲ್ ಅಂಚೆ ಶುರುವಾಗಿ ತೂಕದ ಮಿತಿ 11 ಪೌಂಡ್‌ಗೆ ಏರಿದ ಮೇಲೆ ದೊಡ್ಡ ಗಿಡಗಳಿಗೂ ಹಳ್ಳಿಯ ದಾರಿ ತೆರೀತು.

ಅಂದ್ರೆ ಗಿಡವನ್ನು ಬಾಡದ ಹಾಗೆ ದೂರ ಕಳಿಸೋ ವಿದ್ಯೆ ಸುಮಾರು ನೂರೈವತ್ತು ವರ್ಷ ಹಳೇದು. ಇವತ್ತು ಯಾರಾದ್ರೂ "ನಮ್ಮ ಪ್ಯಾಕಿಂಗ್ ನೋಡಿ ಸಾರ್" ಅಂದ್ರೆ ಒಳ್ಳೇದೇ. ಆದ್ರೆ ಕಷ್ಟ ಇದ್ದದ್ದು ಪೆಟ್ಟಿಗೇಲಿ ಅಲ್ಲ. ಪೆಟ್ಟಿಗೆಗೆ ಹೋಗುವ ಮುಂಚೆಯೇ ಗಿಡದಲ್ಲಿ ಏನಿತ್ತು ಅನ್ನೋದರಲ್ಲಿ.

ಇದನ್ನು ಅಮೆರಿಕದ ರೈತರು ಕಲಿತದ್ದು ಸ್ಯಾನ್ ಹೋಸೆ ಸ್ಕೇಲ್ ಅನ್ನೋ ಹುಳದಿಂದ. ಕಾಂಡಕ್ಕೆ ಬೂದಿ ಬಣ್ಣದ ಚಿಪ್ಪಿನ ಹಾಗೆ ಅಂಟಿಕೊಂಡು ರಸ ಹೀರುವ ಹುಳ. ಸೇಬು, ಪ್ಲಮ್ ಮುಖ್ಯ, ಗುಲಾಬಿಯನ್ನೂ ಬಿಡಲ್ಲ. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕಾಣಿಸಿಕೊಂಡಿತು, ಅದಕ್ಕೇ ಆ ಹೆಸರು. ಆ ಹುಳ ತಾನಾಗಿ ದೂರ ಹೋಗೋದಲ್ಲ, ಹೆಣ್ಣಿಗೆ ರೆಕ್ಕೆಯೇ ಇಲ್ಲ. ಆದರೂ ಮೂರು ಸಾವಿರ ಕಿಲೋಮೀಟರಿಗೂ ಆಚೆ, ದೇಶದ ಪೂರ್ವ ತುದಿಗೆ ಹೋಯ್ತು. ಹೇಗೆ? 1886-87ರ ಸುಮಾರಿಗೆ ನ್ಯೂಜೆರ್ಸಿಯ ಎರಡು ನರ್ಸರಿಗಳು ಕ್ಯಾಲಿಫೋರ್ನಿಯಾದಿಂದ ಹೊಸ ಪ್ಲಮ್ ತಳಿ ತರಿಸಿದವು. ಹುಳ ಅದರ ಜೊತೆ ಬಂತು. ಅಲ್ಲಿಂದ ಮಾರಿದ ಗಿಡಗಳ ಜೊತೆ ತೋಟ ತೋಟಕ್ಕೆ ಹೋಯ್ತು. 1893ರಲ್ಲಿ ವರ್ಜೀನಿಯಾದಲ್ಲಿ ಪತ್ತೆಯಾಗುವ ಹೊತ್ತಿಗೆ ಎಷ್ಟೋ ಕಡೆ ಬೇರೂರಿತ್ತು.

ಆಮೇಲೆ ಗಾಬರಿ ಶುರು. 1898ರಲ್ಲಿ ಜರ್ಮನಿ ಅಮೆರಿಕದ ಗಿಡಗಳನ್ನು ತಡೀತು. ಅಮೆರಿಕದ ಒಂದೊಂದೇ ರಾಜ್ಯ ನರ್ಸರಿ ತಪಾಸಣೆ ಕಾಯಿದೆ ತಂತು. ಇಡೀ ದೇಶಕ್ಕೆ ಕಾಯಿದೆ ಬಂದದ್ದು 1912ರಲ್ಲಿ. ನಮ್ಮಲ್ಲೂ ಬ್ರಿಟಿಷರು 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯಿದೆ ಮಾಡಿದರು. ಹೊರದೇಶದ ಗಿಡದ ತಪಾಸಣೆಗೆ ಇವತ್ತಿಗೂ ಅದೇ ಬುನಾದಿ.

ಆದ್ರೆ ತಪಾಸಣೆ ಮಾಡೋರು ನೋಡೋದು ಕಣ್ಣಿಗೆ ಕಾಣೋದನ್ನು. ಕಾಣದೇ ಇರೋದರ ಕತೆ ಇನ್ನೊಂದಿದೆ.

ಕಾಲ ಕಳೆದ ಹಾಗೆ ಅಮೆರಿಕದ ವ್ಯಾಪಾರ ಕಡ್ಡಿ ಗಿಡದಿಂದ ಕಣ್ಣು ಕಸಿ ಗಿಡಕ್ಕೆ ತಿರುಗಿತು. ಕಸಿ ಗಿಡ ಬೇಗ ದೊಡ್ಡದಾಗ್ತದೆ, ಒಂದು ಕಡ್ಡಿಯ ಒಂದೊಂದು ಕಣ್ಣಿಗೂ ಒಂದೊಂದು ಗಿಡ. ಜಾಕ್ಸನ್ ಅಂಡ್ ಪರ್ಕಿನ್ಸ್ ಕಂಪನಿ 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಗುಲಾಬಿ ತೋಟ ಮಾಡಿ ತೋರಿಸಿತ್ತು. ನೋಡಿದವರು ಗಿಡವನ್ನು ಮನೆಗೇ ಕಳಿಸಿ ಅಂತ ಕೇಳಿದರು. ಅಲ್ಲಿಂದ ಅವರ ಅಂಚೆ ವ್ಯಾಪಾರ ಬೆಳೀತು. ಚಳಿಗಾಲದಲ್ಲಿ ಎಲೆ ಉದುರಿ ಗಿಡ ಮಲಗಿರುವಾಗ ಕಿತ್ತು, ಮಣ್ಣು ತೊಳೆದು, ಬರೀ ಬೇರಿನ ಗಿಡವನ್ನು ತಂಪಿನಲ್ಲಿಟ್ಟು ಕಳಿಸೋದು ಅಲ್ಲಿನ ಪದ್ಧತಿ.

ಕಸಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಬಳಸಿದ ಬೇರುಗಿಡ ಡಾಕ್ಟರ್ ಹ್ಯೂಯಿ. ಇದು ಕ್ಯಾಪ್ಟನ್ ಜಾರ್ಜ್ ಥಾಮಸ್ ಅನ್ನೋರು ಮಾಡಿದ ಕಡುಗೆಂಪು ಹೂವಿನ ಬಳ್ಳಿ ಗುಲಾಬಿ. ಹೂವಿಗಿಂತ ಬೇರಿಗೇ ಹೆಸರಾಯ್ತು. ತೊಂದರೆ ಏನಂದ್ರೆ, ಆ ಬೇರುಗಿಡದ ಸಾಕಷ್ಟು ಸ್ಟಾಕ್‌ನಲ್ಲಿ ಮೊಸಾಯಿಕ್ ವೈರಸ್ ಸೇರಿಕೊಂಡಿತ್ತು. ಗುಲಾಬಿ ಮೊಸಾಯಿಕ್ ಹರಡೋದು ಮುಖ್ಯವಾಗಿ ಕಸಿಯಿಂದಲೇ. ಬೇರುಗಿಡದಲ್ಲಿದ್ದರೆ ಮೇಲಿನ ಕಣ್ಣಿಗೆ, ಕಣ್ಣಿನಲ್ಲಿದ್ದರೆ ಬೇರಿಗೆ. ಎಲೆ ಮೇಲೆ ಹಳದಿ ಗೆರೆ, ಅಂಕುಡೊಂಕು ಪಟ್ಟೆ ಒಂದು ಕಾಲದಲ್ಲಿ ಕಾಣ್ತದೆ, ಇನ್ನೊಂದು ಕಾಲದಲ್ಲಿ ಮಾಯ. ಕಾಣದ ದಿನ ಕಣ್ಣು ತೆಗೆದರೆ ಆ ಕಡ್ಡಿಯಿಂದಾದ ಗಿಡಕ್ಕೆಲ್ಲ ರೋಗ. ಗಿಡ ಸಾಯಲ್ಲ, ಸೊರಗ್ತದೆ, ಹೂವು ಇಳೀತದೆ. ನಾವು ಗೊಬ್ಬರ ಸಾಲದು ಅಂದ್ಕೊಂಡು ಸುರೀತಾ ಇರ್ತೀವಿ. ಹೊಡೆಯೋಕೆ ಔಷಧಿ ಇಲ್ಲ.

ಇದಕ್ಕೆ ಅವರು ಕಂಡ ದಾರಿ ತಾಯಿಗಿಡವನ್ನೇ ಶುದ್ಧ ಮಾಡೋದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಗಿಡವನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವಾರಗಟ್ಟಲೆ ಇಟ್ಟು, ಆಮೇಲೆ ಅದರ ಕಣ್ಣು ತೆಗೆದು ಶುದ್ಧ ಬೇರುಗಿಡಕ್ಕೆ ಕಸಿ ಮಾಡಿ, ಪರೀಕ್ಷೆ ಮಾಡಿ, ನರ್ಸರಿಗಳಿಗೆ ಕಡ್ಡಿ ಕೊಡೋ ವ್ಯವಸ್ಥೆ ಮಾಡಿದರು. ನೋಡಿ, ರೋಗ ನಿಂತದ್ದು ಪೆಟ್ಟಿಗೆ ತಪಾಸಣೆಯಿಂದ ಅಲ್ಲ, ತಾಯಿಗಿಡದ ತಪಾಸಣೆಯಿಂದ.

ಈಗ ನಮ್ಮ ನೆಲಕ್ಕೆ ಬರೋಣ. ನಮ್ಮ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಗುಲಾಬಿ ಮಲಗೋ ಚಳಿಗಾಲವೇ ಇಲ್ಲ. ಗಿಡ ವರ್ಷವೆಲ್ಲ ಎಚ್ಚರ. ಅದಕ್ಕೇ ಬರೀ ಬೇರಿನ ಪದ್ಧತಿ ನಮಗೆ ಹೊಂದಲ್ಲ. ಎಲೆ ಇರೋ ಗಿಡ, ಬೇರಿಗೆ ಮಣ್ಣೋ ತೆಂಗಿನ ನಾರಿನ ಪುಡಿಯೋ ಇರೋ ಗಿಡವೇ ಪ್ರಯಾಣ ಮಾಡಬೇಕು. ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ದಾರಿಯಲ್ಲಿದ್ರೆ ಎಲೆ ಹಳದಿಯಾಗಿ ಉದುರ್ತದೆ. ಉರಿ ಬೇಸಿಗೇಲಿ ತರಿಸಬೇಡಿ. ಎಲೆ ಉದುರಿದ್ರೂ ಕಾಂಡ ಹಸಿರಿದ್ದು ಬೇರು ಬೆಳ್ಳಗಿದ್ರೆ ಗಿಡ ಚಿಗುರ್ತದೆ, ಅದಕ್ಕೆ ಹೆದರಬೇಡಿ.

ಹೆದರಬೇಕಾದ್ದು ಬೇರೆ. ಮಣ್ಣು ಬಿಡಿಸಿ ಬುಡ ನೋಡಿ. ಕಸಿ ಗಂಟಿನ ಹತ್ರ, ಬೇರಿನ ಬುಡದಲ್ಲಿ ಹೂಕೋಸಿನ ಹಾಗೆ ಒರಟು ಗಡ್ಡೆ ಇದ್ರೆ ಅದು ಕ್ರೌನ್ ಗಾಲ್. ಬ್ಯಾಕ್ಟೀರಿಯಾದಿಂದ ಬರೋ ರೋಗ ಅಂತ ಸ್ಮಿತ್ ಮತ್ತು ಟೌನ್‌ಸೆಂಡ್ ಅನ್ನೋ ವಿಜ್ಞಾನಿಗಳು 1907ರಲ್ಲೇ ತೋರಿಸಿದ್ದಾರೆ. ಅಂಥ ಗಿಡ ನೆಟ್ಟರೆ ರೋಗ ಮಣ್ಣಿಗೆ ಇಳೀತದೆ. ಸಣ್ಣ ಬೇರಿನಲ್ಲಿ ಮಣಿ ಪೋಣಿಸಿದ ಹಾಗೆ ಗಂಟಿದ್ರೆ ಅದು ನೆಮಟೋಡ್. ಎರಡನ್ನೂ ಹೊಲಕ್ಕೆ ಇಳಿಸಬೇಡಿ, ಫೋಟೋ ತೆಗೆದು ವಾಪಸ್ ಮಾಡಿ.

ದುಡ್ಡು ಹಾಕೋ ಮುಂಚೆ ಫೋನ್ ಮಾಡಿ ನಾಲ್ಕು ಮಾತು ಕೇಳಿ. ಕಣ್ಣು ತೆಗೆಯೋ ತಾಯಿಗಿಡ ನಿಮ್ಮದೇನಾ, ಹೊರಗಿಂದ ಕಡ್ಡಿ ತರ್ತೀರಾ? ಬೇರುಗಿಡ ಯಾವುದು? ಕಸಿ ಮಾಡಿ ಎಷ್ಟು ತಿಂಗಳಾಯ್ತು? ತಾಯಿಗಿಡದ ಇವತ್ತಿನ ವಿಡಿಯೋ ಕಳಿಸ್ತೀರಾ? ಸ್ವಂತ ತಾಯಿಗಿಡ ಇರೋ ನರ್ಸರಿಯವರು ಖುಷಿಯಿಂದ ಹೇಳ್ತಾರೆ. ಬರೀ ತಂದು ಮಾರೋರು ಮಾತು ಮರೆಸ್ತಾರೆ, ರೇಟಿನ ಕಡೆ ಎಳೀತಾರೆ.

ಫೋಟೋ ನೋಡಿ ಮರುಳಾಗಬೇಡಿ. ಆ ಕಾಲದ ಕ್ಯಾಟಲಾಗ್‌ಗಳಲ್ಲೂ ಬಣ್ಣದ ಅಚ್ಚಿನಲ್ಲಿ ಹೂವನ್ನು ದೊಡ್ಡದು ಮಾಡಿ ತೋರಿಸ್ತಿದ್ದರು. ಈಗ ನೀಲಿ ಗುಲಾಬಿ ಅಂತ ತೋರಿಸ್ತಾರೆ. ಜಪಾನಿನ ಸನ್ಟೋರಿ ಕಂಪನಿ ವಂಶವಾಹಿ ಬದಲಿಸಿ ಮಾಡಿ, 2009ರಿಂದ ಮಾರಿದ ಗುಲಾಬಿಯೇ ತಿಳಿ ನೇರಳೆ, ಆಕಾಶದ ನೀಲಿ ಅಲ್ಲ. ಇನ್ನೂರು ರೂಪಾಯಿಗೆ ನೀಲಿ ಗಿಡ ಎಲ್ಲಿಂದ ಬರ್ತದೆ?

ಕೊನೇದಾಗಿ, ಎಕರೆಗಟ್ಟಲೆ ಗಿಡ ಒಂದೇ ಸಲ ತರಿಸಬೇಡಿ. ಮೊದಲು ಇಪ್ಪತ್ತೈದು ಗಿಡ ತರಿಸಿ, ಹಳೇ ತೋಟದಿಂದ ದೂರ ಕುಂಡದಲ್ಲೋ ಚೀಲದಲ್ಲೋ ಇಡಿ. ಒಂದೆರಡು ಚಿಗುರು ಬಂದು ಎಲೆ ಬಲಿಯೋವರೆಗೂ ನೋಡಿ. ಎಲೆಯಲ್ಲಿ ಹಳದಿ ಗೆರೆ ಬಂದ್ರೆ ಅಲ್ಲೇ ಕೈಬಿಡಿ. ಹೊಸ ಗಿಡಕ್ಕೆ ಮುಟ್ಟಿಸಿದ ಕತ್ತರಿಯನ್ನು ತೊಳೆಯದೆ ಹಳೇ ಗಿಡಕ್ಕೆ ಹಾಕಬೇಡಿ. ನಾನು ಹೊಸ ತಳಿ ತರಿಸಿದಾಗಲೆಲ್ಲ ಹೀಗೇ ಮಾಡ್ತೀನಿ. ಒಂದು ತಿಂಗಳೋ ಎರಡು ತಿಂಗಳೋ ತಡ ಆಗ್ತದೆ, ಐದು ವರ್ಷದ ಲೆಕ್ಕದಲ್ಲಿ ಅದೇನು ದೊಡ್ಡದಲ್ಲ.

ನಾಲ್ಕೈದು ಜನ ಸೇರಿ ಒಂದೇ ನರ್ಸರಿಯಿಂದ ತರಿಸೋದಾದ್ರೆ, ಒಬ್ಬರು ಹೋಗಿ ತಾಯಿಗಿಡ ನೋಡಿಕೊಂಡು ಬರೋ ಬಸ್ ಚಾರ್ಜು ಎಲ್ಲರೂ ಹಂಚಿಕೊಳ್ಳಬಹುದು. ಯಾರಾದ್ರೂ ಹೊರಡೋದಿದ್ರೆ ಹೇಳಿ, ನಾನೂ ಬರ್ತೀನಿ.