ಮಂಗನ ಕಾಯಿಲೆಯ ಮನೆ ಯಾವುದು?

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗಗಳ ಸಾವು ಕಂಡ ವಿಜ್ಞಾನಿಗಳಿಗೆ ಮೊದಲು ಹಳದಿ ಜ್ವರದ ಶಂಕೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ವೈರಸ್ಸನ್ನು ಬೇರ್ಪಡಿಸಿದಾಗ ತಿಳಿದದ್ದೇ ಬೇರೆ: ಇದು ಸೊಳ್ಳೆಯದಲ್ಲ, ಉಣುಗಿನದು, ರಷ್ಯಾದ ಉಣುಗು ಮೆದುಳುಜ್ವರದ ನೆಂಟ.

ಹೊರಚಹರೆ ನೋಡಿ ವರ್ಗ ಕಟ್ಟಿದರೆ ಹೀಗೆ ಎಡವುತ್ತೇವೆ. ವೈದ್ಯಕೀಯ ಆಂಟಾಲಜಿಗಳಿಗೂ, ಅಂದರೆ ಕಂಪ್ಯೂಟರ್ ಓದಬಲ್ಲ ರೋಗಗಳ ವಂಶವೃಕ್ಷಗಳಿಗೂ, ಇದೇ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಪ್ರತಿ ರೋಗಕ್ಕೂ ಒಂದೇ ಮನೆ. ಮಂಗನ ಕಾಯಿಲೆ 'ಎ98.2', ರಕ್ತಸ್ರಾವದ ಜ್ವರಗಳ ಸಾಲಿನಲ್ಲಿ. ಅದರ ನೆಂಟ ಉಣುಗು ಮೆದುಳುಜ್ವರ 'ಎ84', ಬೇರೆಯೇ ಓಣಿಯಲ್ಲಿ. ಸ್ನೋಮೆಡ್ ಸಿಟಿಯಂಥ ರಚನೆಯಲ್ಲಾದರೆ ಒಂದು ರೋಗ ಎರಡು ಮೇಲ್ವರ್ಗಗಳಿಗೆ ಸೇರಬಹುದು.

ರಚನೆಯ ಗುಣ ಅಳೆಯುವ ಪ್ರಶ್ನೆ ಸರಳ: 'ಉಣುಗಿನಿಂದ ಹರಡುವ ರೋಗಗಳನ್ನೆಲ್ಲ ತೋರಿಸು' ಎಂದರೆ ಇದೂ ಬರುತ್ತದೆಯೇ?

ಕಾಯಿಲೆ ಮುಂದೆ ಉತ್ತರ ಕನ್ನಡಕ್ಕೂ ಬಂತು. ಜೋಯಿಡಾ, ದಾಂಡೇಲಿಯ ಕಾಡಿಗೆ ತರಗೆಲೆ ತರಲು ಹೋಗುವವರಿಗೆ ಇದು ಬರೀ ಹೆಸರಿನ ಜಗಳವಲ್ಲ. 'ಮಂಗನ ಕಾಯಿಲೆ' ಎಂದ ಕೂಡಲೇ ಕಣ್ಣು ಮರದ ಮೇಲೆ ಹೋಗುತ್ತದೆ. ಉಣುಗು ಕಾದಿರುವುದು ಕಾಲಬುಡದ ಎಲೆಗಳಲ್ಲಿ.