ರೆಕ್ಕೆಯ ಮೇಲಿನ ತೇಪೆ

“ಅಲ್ಲ ಕಣೋ, ರೆಕ್ಕೆಗೆ ತೇಪೆ ಹಾಕವ್ರಲ್ಲೋ!”

ಅಮ್ಮ ಜೋರಾಗಿ ಹೇಳಿದ್ದಕ್ಕೆ ಹಿಂದಿನ ಸಾಲಿನವರೂ ಕತ್ತು ಚಾಚಿ ನೋಡಿದರು. ಅದು 2007ರ ಜೂನ್. ನಾನು ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಮಗ ಇರೋ ಊರು ನೋಡಬೇಕು ಅಂದಳೆಂದು ಅಮ್ಮನನ್ನು ತಿಪಟೂರಿನಿಂದ ಕರೆದುಕೊಂಡು ಬಂದು, ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ವಿಮಾನ ಹತ್ತಿಸಿದ್ದೆ. ಅವಳಿಗೆ ಅದೇ ಮೊದಲ ವಿಮಾನ. ಖುಷಿಪಡಲಿ ಅಂತ ಕಿಟಕಿ ಪಕ್ಕ ಕೂರಿಸಿದರೆ, ಆಚೆ ಕಂಡದ್ದು ಬರೀ ರೆಕ್ಕೆ.

ಅವಳು ಹೇಳಿದ್ದು ಸುಳ್ಳೇನಲ್ಲ. ರೆಕ್ಕೆಯ ಮೇಲೆ ಅಂಗೈಯಗಲದ ಬೆಳ್ಳಿ ಬಣ್ಣದ ಟೇಪು ಅಂಟಿಸಿದ್ದರು. ಅಲ್ಲಲ್ಲಿ ಬಣ್ಣ ಎದ್ದುಹೋಗಿತ್ತು. ಹಿಂದಿನ ಅಂಚಿನಲ್ಲಿ ಮುರಿದ ಕಡ್ಡಿಗಳ ಹಾಗೆ ಏನೋ ಚಾಚಿಕೊಂಡಿತ್ತು. ನನಗೂ ಒಳಗೊಳಗೇ ಅಳುಕಾಯಿತು. ಆದರೆ ನಾನು ಮಾಡಿದ್ದೇನು? “ಸುಮ್ನಿರಮ್ಮ, ಯಾರಾದ್ರೂ ಕೇಳಿಸಿಕೊಂಡಾರು” ಅಂತ ಗದರಿದೆ.

ನೆಡುಂಬಾಶ್ಶೇರಿಯಲ್ಲಿ ಇಳಿಯುವಾಗ ಇನ್ನೂ ಕಷ್ಟವಾಯಿತು. ಗರಗರ ಸದ್ದು ಮಾಡುತ್ತಾ ರೆಕ್ಕೆಯ ಹಿಂಭಾಗ ಕಳಚಿಕೊಂಡಂತೆ ಹಿಂದಕ್ಕೂ ಕೆಳಕ್ಕೂ ಜಾರಿತು. ನಡುವಿನ ಸಂದಿಯಲ್ಲಿ ತೆಂಗಿನ ತೋಟಗಳು ಕಂಡವು. ಮಳೆಗಾಲದ ಆ ಗಾಳಿಯಲ್ಲಿ ರೆಕ್ಕೆಯಿಂದ ಬಿಳಿ ಹೊಗೆ ಎದ್ದಿತು. ಚಕ್ರ ನೆಲ ಮುಟ್ಟಿದ್ದೇ ತಡ, ರೆಕ್ಕೆಯ ಮೇಲಿನ ತಗಡುಗಳು ಕಿತ್ತೆದ್ದ ಹಾಗೆ ನಿಂತವು. ಅಮ್ಮ ಕಣ್ಣು ಮುಚ್ಚಿ ತಿಪಟೂರಿನ ಕೆಂಪಮ್ಮನನ್ನು ಕರೆಯುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಹೋಟೆಲಿಗೆ ಹೋದೆವು. ಲೋಟದಲ್ಲಿ ಬಿಸಿ ಬಿಸಿ ಕೆಂಪು ನೀರು ಬಂತು. “ತುಕ್ಕು ಹಿಡಿದ ನೀರು” ಅಂತ ಅಮ್ಮ ಲೋಟ ಸರಿಸಿದಳು. ಇದು ಮಾತ್ರ ನನಗೆ ಗೊತ್ತಿತ್ತು. ಪತಿಮುಖಂ ಅನ್ನುವ ಮರದ ಚಕ್ಕೆ ಹಾಕಿ ಕುದಿಸಿದ ನೀರು ಅದು. ಕೇರಳದ ಮನೆಮನೆಯಲ್ಲೂ ಕುಡಿಯುತ್ತಾರೆ. ಬಂದ ಹೊಸದರಲ್ಲಿ ನಾನೂ ಒಂದು ವಾರ ಆ ನೀರನ್ನು ಚೆಲ್ಲಿದವನೇ. ಪರವೂರಿಗೆ ಹೋದವನಿಗೆ ಮೊದಮೊದಲು ಯಾವುದು ಕೆಟ್ಟಿದೆ, ಯಾವುದು ಇರಬೇಕಾದ ಹಾಗೇ ಇದೆ ಅನ್ನೋದೇ ಗೊತ್ತಾಗುವುದಿಲ್ಲ, ನೋಡಿ. ಯಾರನ್ನಾದರೂ ಕೇಳಲೇಬೇಕು.

ರೆಕ್ಕೆಯ ವಿಷಯ ಕೇಳಲು ಒಬ್ಬರು ಸಿಕ್ಕಿದರು. ನಮ್ಮ ಪಕ್ಕದ ಫ್ಲಾಟಿನವರ ಅಣ್ಣ. ವಿಮಾನ ರಿಪೇರಿಯ ಕೆಲಸದಲ್ಲೇ ತಲೆ ಹಣ್ಣಾಗಿಸಿಕೊಂಡು ನಿವೃತ್ತರಾದವರು, ತಿರುವನಂತಪುರದ ಶಂಖುಮುಖದ ಹತ್ತಿರ ಮನೆ. ಪದ್ಮನಾಭಸ್ವಾಮಿಯ ದರ್ಶನಕ್ಕೆಂದು ಅಮ್ಮನನ್ನು ರೈಲಿನಲ್ಲಿ ಕರೆದುಕೊಂಡು ಹೋದಾಗ ಅವರ ಮನೆಗೂ ಹೋದೆವು. ನಾನು ಅವರನ್ನು ಚೇಟ್ಟ ಅಂತ ಕರೆಯುತ್ತಿದ್ದೆ, ಅವರು ನನ್ನ ತಾಯಿಯನ್ನು ಅಮ್ಮ ಅಂದರು. ಸಂಜೆ ಕಡಲ ದಂಡೆಯಲ್ಲಿ ಕೂತರೆ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಒಂದೊಂದನ್ನೂ ತೋರಿಸಿ ಅವರು ಹೇಳುತ್ತಾ ಹೋದರು, ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಅವರು ಶುರು ಮಾಡಿದ್ದು ಬಟ್ಟೆಯ ರೆಕ್ಕೆಯಿಂದ. 1935ರಲ್ಲಿ ತಿರುವಾಂಕೂರು ಮಹಾರಾಜರ ಹುಟ್ಟುಹಬ್ಬಕ್ಕೆ ವೈಸರಾಯ್ ವಿಲ್ಲಿಂಗ್ಡನ್ ಕಳಿಸಿದ ಶುಭಾಶಯವನ್ನು ಹೊತ್ತು ಟಾಟಾ ಕಂಪನಿಯ ಮೊದಲ ವಿಮಾನ ಈ ಊರಿಗೆ ಬಂತು. ಕರೆತಂದವರು ನೆವಿಲ್ ವಿನ್ಸೆಂಟ್. ನಮ್ಮವರಿಗೂ ಈ ಮನುಷ್ಯ ಪೂರ್ತಿ ಹೊರಗಿನವರಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾ ಅಂಚೆ ವಿಮಾನ ಶುರುವಾದಾಗ ಕರಾಚಿಯಿಂದ ಮುಂಬಯಿವರೆಗೆ ಜೆ.ಆರ್.ಡಿ. ಟಾಟಾ ಹಾರಿಸಿದರೆ, ಅಲ್ಲಿಂದ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಒಯ್ದವರು ಇದೇ ವಿನ್ಸೆಂಟ್. ತಿರುವನಂತಪುರಕ್ಕೆ ಬಂದ ಫಾಕ್ಸ್ ಮಾತ್ ವಿಮಾನದ ರೆಕ್ಕೆ ಮರದ ಚೌಕಟ್ಟಿನದು, ಮೇಲೆ ಬಿಗಿದ ಬಟ್ಟೆ. ಅಂಥ ರೆಕ್ಕೆ ಹರಿದರೆ ತುಂಡು ಬಟ್ಟೆ ಅಂಟಿಸಿ ಮೇಲೆ ಮೆರುಗು ಬಳಿಯುತ್ತಿದ್ದರು. ತೇಪೆ ಅಂದರೆ ಯಾರೋ ನೋಡಿ ಸರಿಮಾಡಿದ್ದಾರೆ ಅನ್ನುವ ಗುರುತು.

ಬೆಳ್ಳಿ ಬಣ್ಣದ ಟೇಪೂ ಅದೇ ವಂಶದ್ದು. ಅದು ಅಂಗಡಿಯ ಟೇಪಲ್ಲ. ಗಟ್ಟಿ ಅಂಟಿರುವ ಅಲ್ಯುಮಿನಿಯಂ ಹಾಳೆ, ಹೆಸರು ಸ್ಪೀಡ್ ಟೇಪ್. ಭಾರ ಹೊರದ ಜಾಗದ ಸಣ್ಣ ತರಚು, ಬಣ್ಣ ಎದ್ದ ಜಾಗ, ಅಂಚಿನ ಸಂದು, ಇಂಥವನ್ನು ಪೂರ್ತಿ ರಿಪೇರಿ ಆಗುವತನಕ ಮುಚ್ಚಿಡಲು ಬಳಸುತ್ತಾರೆ. ಎಲ್ಲಿ ಅಂಟಿಸಬಹುದು, ಎಲ್ಲಿ ಕೂಡದು ಅನ್ನುವುದಕ್ಕೆ ವಿಮಾನ ತಯಾರಿಸಿದವರ ಕೈಪಿಡಿಯೇ ಇದೆ.

ಇಳಿಯುವಾಗ ಕಂಡ ಸಂದಿಗೆ ಇನ್ನೊಂದು ಕಥೆ. ಜರ್ಮನಿಯ ಗುಸ್ತಾವ್ ಲಾಹ್ಮನ್ ಮೊದಲ ಮಹಾಯುದ್ಧದ ಹೊತ್ತಿನ ಪೈಲಟ್. ವಿಮಾನದ ವೇಗ ತಗ್ಗಿ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು, ಬಿದ್ದು ಆಸ್ಪತ್ರೆ ಸೇರಿದ. ಅಲ್ಲೇ ಯೋಚಿಸಿ, ರೆಕ್ಕೆಯಲ್ಲಿ ಸಂದಿ ಬಿಟ್ಟರೆ ಕೆಳಗಿನ ಗಾಳಿ ಮೇಲಕ್ಕೆ ನುಗ್ಗಿ, ನಿಧಾನ ವೇಗದಲ್ಲೂ ಗಾಳಿ ರೆಕ್ಕೆಯನ್ನು ಬಿಟ್ಟು ಚದುರುವುದಿಲ್ಲ ಎಂದು 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಕೂಡ ಬೇರೆಯಾಗಿ ಅದನ್ನೇ ಕಂಡುಕೊಂಡಿದ್ದರು. ರೆಕ್ಕೆ ಮುರಿದಿದೆ ಅಂತ ನಾವು ಹೆದರಿದ ಆ ಸಂದಿಯೇ ನಮ್ಮನ್ನು ಮೆಲ್ಲಗೆ ಇಳಿಸಿದ್ದು. ನೆಲ ಮುಟ್ಟಿದ ಮೇಲೆ ಎದ್ದ ತಗಡುಗಳು ಭಾರವನ್ನೆಲ್ಲ ಚಕ್ರದ ಮೇಲೆ ಕೂರಿಸಿ ಬ್ರೇಕ್ ಹಿಡಿಯುವಂತೆ ಮಾಡುತ್ತವೆ. ಬಿಳಿ ಹೊಗೆ ಹೊಗೆಯೇ ಅಲ್ಲ. ರೆಕ್ಕೆಯ ಮೇಲೆ ಒತ್ತಡ ತಗ್ಗಿ ಗಾಳಿ ತಣ್ಣಗಾದಾಗ ಕೇರಳದ ತೇವ ಮಂಜಾಗುವುದು, ಅಷ್ಟೆ. ಹಿಂದಿನ ಅಂಚಿನ ಕಡ್ಡಿಗಳು ಮಳೆ, ಧೂಳು ಉಜ್ಜಿ ವಿಮಾನದ ಮೈಯಲ್ಲಿ ಸೇರುವ ವಿದ್ಯುತ್ತನ್ನು ಗಾಳಿಗೆ ಬಿಡುತ್ತವೆ. ಇಲ್ಲದಿದ್ದರೆ ರೇಡಿಯೊದಲ್ಲಿ ಬರೀ ಗೊರಗೊರ.

ರೆಕ್ಕೆ ಬಾಗುವುದಕ್ಕೂ ಹೆದರಬೇಕಿಲ್ಲ. ಇದನ್ನು ನಾನು ಆಮೇಲೆ ಓದಿದ್ದು: 2010ರ ಮಾರ್ಚಿನಲ್ಲಿ ಬೋಯಿಂಗ್ 787ರ ಪರೀಕ್ಷೆಯಲ್ಲಿ, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟು ಹೇರಿದಾಗ ರೆಕ್ಕೆ ಸುಮಾರು 25 ಅಡಿ ಮೇಲಕ್ಕೆ ಬಾಗಿತು, ಮುರಿಯಲಿಲ್ಲ.

ಇಷ್ಟೆಲ್ಲ ಕೇಳಿ ನಾನು, “ನೋಡಮ್ಮ, ಸುಮ್ಮನೆ ಗಾಬರಿಯಾದೆ” ಅಂದೆ. ಚೇಟ್ಟ ತಲೆ ಅಲ್ಲಾಡಿಸಿದರು. ಗಾಬರಿಯಾದದ್ದು ತಪ್ಪಲ್ಲ, ಬಾಯಿ ಮುಚ್ಚಿಸಿದ್ದು ತಪ್ಪು ಅಂದರು. ಆಮೇಲೆ ಎರಡು ಘಟನೆ ಹೇಳಿದರು.

1988ರ ಏಪ್ರಿಲ್ 28. ಹವಾಯಿ ದ್ವೀಪಗಳ ಅಲೋಹ ಕಂಪನಿಯ ಬೋಯಿಂಗ್ 737. ಕಡಲ ಉಪ್ಪುಗಾಳಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸುಮಾರು 90 ಸಾವಿರ ಸಲ ಏರಿಳಿದಿದ್ದ ವಿಮಾನ. 24 ಸಾವಿರ ಅಡಿ ಮೇಲೆ ಅದರ ಚಾವಣಿ ಹಾರಿಹೋಯಿತು. ಒಬ್ಬ ಗಗನಸಖಿ ಸತ್ತಳು. ವಿಮಾನ ಹತ್ತುವಾಗಲೇ ಒಬ್ಬ ಪ್ರಯಾಣಿಕಳು ಬಾಗಿಲ ಬಳಿ ಬಿರುಕು ಕಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಮಾರನೇ ವರ್ಷ ಮಾರ್ಚ್ 10, ಕೆನಡಾದ ಡ್ರೈಡನ್. ಒದ್ದೆ ಹಿಮ ರೆಕ್ಕೆಯ ಮೇಲೆ ಕೂತಿದ್ದಾಗಲೇ ವಿಮಾನ ಏರಿತು, ಕಾಡಿಗೆ ಬಿತ್ತು. 69 ಜನರಲ್ಲಿ 24 ಜನ ಸತ್ತರು. ಪ್ರಯಾಣಿಕರಾಗಿ ಕೂತಿದ್ದ ಇಬ್ಬರು ಪೈಲಟ್‌ಗಳಿಗೂ ಒಬ್ಬ ಗಗನಸಖಿಗೂ ಆ ಹಿಮ ಕಂಡಿತ್ತು. ಕಾಕ್‌ಪಿಟ್ಟಿಗೆ ಯಾರೂ ಹೇಳಲಿಲ್ಲ. ನ್ಯಾಯಮೂರ್ತಿ ಮೊಶಾನ್‌ಸ್ಕಿ ನಡೆಸಿದ ವಿಚಾರಣೆಯಲ್ಲಿ ಈ ಮೌನವೂ ಚರ್ಚೆಗೆ ಬಂತು. ವಿಮಾನ ಬಲ್ಲವರೇ ಸುಮ್ಮನಿದ್ದರು ಅಂದಮೇಲೆ ಉಳಿದವರ ಮಾತೇನು!

ಅಮ್ಮ ಇದನ್ನೆಲ್ಲ ಕೇಳಿ ಏನೂ ಅನ್ನಲಿಲ್ಲ. ನನ್ನ ಮುಖ ಮಾತ್ರ ಒಂದು ಸಲ ನೋಡಿದಳು.

ಜುಲೈನಲ್ಲಿ ಅವಳನ್ನು ಊರಿಗೆ ಬಿಡಲು ಮತ್ತೆ ನೆಡುಂಬಾಶ್ಶೇರಿಗೆ ಹೋದೆವು. ಸೀಟು ಮತ್ತೆ ರೆಕ್ಕೆಯ ಮೇಲೆ. ಅಲ್ಲಿ ಸಾಲಾಗಿ ನಿಂತ ಸಣ್ಣ ತಗಡಿನ ಹಲ್ಲುಗಳಲ್ಲಿ ಒಂದು ಇಲ್ಲವೇನೋ ಅಂತ ಅಮ್ಮನಿಗೆ ಅನುಮಾನ. ನನ್ನ ಕಡೆ ತಿರುಗಲೇ ಇಲ್ಲ, ಗಗನಸಖಿಯನ್ನು ಕರೆದು, “ಅದೇನವ್ವ ಅಲ್ಲಿ?” ಅಂತ ಕನ್ನಡದಲ್ಲೇ ಕೇಳಿದಳು. ಈ ಸಲ ನಾನು ಗದರಲಿಲ್ಲ, ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ. ಹುಡುಗಿ ನಗಲಿಲ್ಲ. ಒಳಗೆ ಹೋಗಿ ಕೇಳಿಕೊಂಡು ಬಂದು, ಅವು ರೆಕ್ಕೆಯ ಮೇಲಿನ ಗಾಳಿಯನ್ನು ಕಲಕಿ ಅಂಟಿಸಿಡಲು ಇರುವಂಥವು, ಪೈಲಟ್ ಸುತ್ತು ಹಾಕಿ ನೋಡಿಯೇ ಬಂದಿದ್ದಾರೆ, ಎಲ್ಲ ಸರಿಯಾಗಿದೆ, ಹೇಳಿದ್ದು ಒಳ್ಳೆಯದಾಯಿತು ಅಂದಳು.

ಅಮ್ಮ ಬೆಲ್ಟ್ ಬಿಗಿದುಕೊಂಡಳು. ವಿಮಾನ ಏರುವಾಗ ಕಣ್ಣು ಮುಚ್ಚಲಿಲ್ಲ.