ಕೊಟ್ಟ ಮಗು, ಬಿಟ್ಟ ಮಗು

ಐನಾಪುರದ ಶಾಲೆಯಲ್ಲಿ ಒಮ್ಮೆ ದಾಖಲಾತಿಯ ವೇಳೆ ಹುಡುಗನೊಬ್ಬನ ತಂದೆಯ ಹೆಸರನ್ನು ಕೇಳಿದೆ. ಕರೆತಂದಿದ್ದ ಹಿರಿಯರು ಕ್ಷಣಕಾಲ ಸುಮ್ಮನಾದರು. 1972ರ ಬರಗಾಲದಲ್ಲಿ ಆ ಕೂಸನ್ನು ಸೋದರಮಾವನಿಗೆ ದತ್ತು ಕೊಟ್ಟಿದ್ದರು. ಹೆತ್ತ ತಾಯಿಯನ್ನು ಅವನು ‘ಅತ್ತೆ’ ಎಂದು ಕರೆಯುತ್ತಿದ್ದನು. ಕೊಟ್ಟ ಮೇಲೆ ಮಗು ಯಾರದು ಎಂಬ ಪ್ರಶ್ನೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ.

ಇದಕ್ಕೆ ಉತ್ತರ ಬರೆದ ಪಂಡಿತನೊಬ್ಬನು ನಮ್ಮ ನೆರೆಯವನೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಶಹಾಬಾದ್ ಬಳಿಯ ಮರತೂರು ಅವನ ಊರೆಂದು ನಮ್ಮ ಭಾಗದವರು ಹೆಮ್ಮೆಯಿಂದ ಹೇಳುತ್ತಾರೆ.

ಸ್ಮೃತಿಯು ಹನ್ನೆರಡು ಬಗೆಯ ಪುತ್ರರನ್ನು ಎಣಿಸುತ್ತದೆ. ತಾಯಿ ಅಥವಾ ತಂದೆ ಕೊಟ್ಟವನು ‘ದತ್ತಕ’, ಏಳನೆಯವನು. ಹೆತ್ತವರು ತೊರೆದು ಬೇರೊಬ್ಬರು ಎತ್ತಿಕೊಂಡವನು ‘ಅಪವಿದ್ಧ’, ಕೊನೆಯವನು. ಮೊದಲಿನವರು ಇಲ್ಲದಿದ್ದರೆ ಅವನಿಗೂ ಪಿತ್ರಾರ್ಜಿತ ಉಂಟು. ಸಜಾತಿಯವರಿಗೆ ಮಾತ್ರ ಎಂಬ ಮಿತಿ ಇದ್ದಿತೆಂಬುದನ್ನು ಮರೆಯಬಾರದು. ಒಬ್ಬನೇ ಮಗನನ್ನು ಕೊಡಬಾರದು, ಹಿರಿಯನನ್ನು ಕೊಡಬಾರದು, ಆಪತ್ತಿಲ್ಲದೆ ಯಾರನ್ನೂ ಕೊಡಬಾರದು ಎಂಬುದು ಮಿತಾಕ್ಷರೆಯ ಮಾತು. ಆಪತ್ತಿಲ್ಲದೆ ಕೊಡಬಾರದೆಂಬ ಈ ನಿಷೇಧ ಕೊಡುವವನಿಗೆ ಸೇರಿದ್ದೆಂದು ವಿಜ್ಞಾನೇಶ್ವರನು ಸ್ಪಷ್ಟಪಡಿಸುತ್ತಾನೆ.

ಇದೇ ಪ್ರಶ್ನೆ ರೋಮನ್ನರನ್ನೂ ಕಾಡಿತ್ತು. ಎಸೆದ ಶಿಶುವನ್ನು ಎತ್ತಿ ಸಾಕಿದವನು ಅದನ್ನು ಮಗನನ್ನಾಗಿಯಾಗಲಿ ಗುಲಾಮನನ್ನಾಗಿಯಾಗಲಿ ಇಟ್ಟುಕೊಳ್ಳಬಹುದು, ಬಿಟ್ಟವರು ಮರಳಿ ಕೇಳುವಂತಿಲ್ಲ ಎಂದು ಚಕ್ರವರ್ತಿ ಕಾನ್‌ಸ್ಟಂಟೈನ್ 331ರಲ್ಲಿ ವಿಧಿಸಿದನು. ಅಂತಹ ಮಕ್ಕಳೆಲ್ಲ ಸ್ವತಂತ್ರರೆಂದು ಜಸ್ಟಿನಿಯನ್ 529ರಲ್ಲಿ ಸಾರುವವರೆಗೆ ಸುಮಾರು ಇನ್ನೂರು ವರ್ಷಗಳು ಸಂದವು.

ನಮ್ಮಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಲ್ಲೂ ಮಗುವನ್ನು ಕೊಡುವ ಮತ್ತು ಪಡೆಯುವ ಕ್ರಿಯೆಯೇ ದತ್ತಕದ ಜೀವಾಳ. ಅದಕ್ಕಾಗಿ ಹಣ ಪಡೆಯುವುದು ಅಪರಾಧ. ಸಾಕಲಾಗದ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಅವಕಾಶವೂ ಉಂಟು.

ಅಂದು ದಾಖಲೆಯಲ್ಲಿ ಸಾಕಿದ ತಂದೆಯ ಹೆಸರನ್ನೇ ಬರೆದೆ. ಅದು ಕಾನೂನಿಗೂ ಸರಿ, ಹುಡುಗನಿಗೂ ಸರಿ. ಆದರೆ ಕೊಟ್ಟ ತಾಯಿಯನ್ನು ಕಲ್ಲೆದೆಯವಳೆಂದು ಊರು ಆಡಿಕೊಂಡದ್ದು ಸರಿಯಲ್ಲ. ವಿಜ್ಞಾನೇಶ್ವರನು ವಿವರಿಸಿದ ‘ಆಪತ್ತು’ ಎಂಬ ಪದದಲ್ಲಿ ಆ ಬರಗಾಲವೂ ಸೇರಿದೆಯೆಂದು ನನಗೆ ತೋರುತ್ತದೆ. ನಿಮ್ಮಲ್ಲಿ ಯಾರಾದರೂ ಮಗುವನ್ನು ದತ್ತು ಪಡೆದಿದ್ದರೆ, ಅದರ ಮುಂದೆ ಹೆತ್ತವಳನ್ನು ಹಳಿಯದಿರಿ.